ದೇವಿಮನೆ ಘಟ್ಟದಲ್ಲಿ ಗಾಲಿಯ ತೂಕ

ಶಿರಸಿಯಿಂದ ಕುಮಟೆಗೆ ಇಳಿಯುವ ದಾರಿಯಲ್ಲಿ ದೇವಿಮನೆ ದೇವಸ್ಥಾನದ ಹತ್ತಿರ ಬೈಕುಗಳು ನಿಲ್ಲುತ್ತವೆ. ಭಾನುವಾರವಂತೂ ಸಾಲುಗಟ್ಟಿ ನಿಂತಿರುತ್ತವೆ. ಕೈಮುಗಿದು, ನೀರು ಕುಡಿದು, ಹುಡುಗರು ಒಬ್ಬರ ಗಾಡಿಯನ್ನು ಇನ್ನೊಬ್ಬರು ಸುತ್ತು ಹಾಕಿ ನೋಡುತ್ತಾರೆ. ಆ ಮಾತು ಕೇಳುತ್ತ ನಿಲ್ಲೋದು ನನಗೆ ಇಷ್ಟ. ಎಷ್ಟು ಸಿಸಿ, ಎಷ್ಟು ಬಿಎಚ್‌ಪಿ, ಸೈಲೆನ್ಸರ್ ಎಲ್ಲಿಂದ ತರಿಸಿದ್ದು, ಏರ್ ಫಿಲ್ಟರ್ ಬದಲಾಯಿಸಿದ ಮೇಲೆ ಪಿಕಪ್ ಜಾಸ್ತಿ ಆಯ್ತಾ. ಎಲ್ಲ ಮಾತೂ ಎಂಜಿನ್ ಸುತ್ತಲೇ ತಿರುಗುತ್ತದೆ. ಆಮೇಲೆ ಹೆಲ್ಮೆಟ್ ಹಾಕಿಕೊಂಡು ಎಲ್ಲರೂ ಘಟ್ಟ ಇಳಿಯುತ್ತಾರೆ. ಇಳಿಯುವಾಗ ಎಂಜಿನ್ನಿಗೆ ಏನು ಕೆಲಸ? ಗೇರಿನಲ್ಲಿ ಗಾಡಿಯನ್ನು ಹಿಡಿದಿಟ್ಟುಕೊಳ್ಳುವುದು, ಅಷ್ಟೇ. ಕತಗಾಲ ಸಿಗುವವರೆಗೆ ನಮ್ಮ ಜೀವ ಇರುವುದು ಎರಡು ಗಾಲಿ, ಎರಡು ಟೈರು, ಮುಂದಿನ ಗಾಲಿ ಹಿಡಿಯುವ ಫೋರ್ಕು, ಹಿಂದಿನ ಗಾಲಿ ಹಿಡಿಯುವ ಸ್ವಿಂಗ್ ಆರ್ಮ್ ಮತ್ತು ಇವನ್ನೆಲ್ಲ ಒಂದು ಸಾಲಿನಲ್ಲಿ ಹಿಡಿದಿಟ್ಟ ಫ್ರೇಮಿನ ಕೈಯಲ್ಲಿ. ಅದರ ಬಗ್ಗೆ ಒಬ್ಬರೂ ಮಾತಾಡುವುದಿಲ್ಲ. ಈ ಮೌನ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಗಾಲಿಯ ಬಗ್ಗೆ ಮಾತು ಬಂದರೂ ಅದು ಚಂದದ ಮಾತು. ಯಾವ ಬಣ್ಣದ ಅಲಾಯ್ (ಮಿಶ್ರಲೋಹದ ಗಾಲಿ), ಎಷ್ಟು ದಪ್ಪ ಟೈರು, ಹಿಂದಿನಿಂದ ನೋಡಿದರೆ ಹೇಗೆ ಕಾಣುತ್ತದೆ. ಚಂದ ನನಗೂ ಬೇಕು. ಗಾಡಿಯನ್ನು ತನ್ನ ಮನಸ್ಸಿಗೆ ಬಂದ ಹಾಗೆ ಮಾಡಿಕೊಳ್ಳುವ ಆಸೆ ಒಳ್ಳೆಯ ಆಸೆ ಅಂತ ನಾನು ನಂಬಿದ್ದೇನೆ. ಒಂದು ಯಂತ್ರವನ್ನು ಬಿಚ್ಚಿ, ತಿಳಿದು, ತನ್ನ ದಾರಿಗೆ ಒಗ್ಗುವ ಹಾಗೆ ಮತ್ತೆ ಜೋಡಿಸುವುದಕ್ಕಿಂತ ಒಳ್ಳೆಯ ಶಿಕ್ಷಣ ಕಡಿಮೆ. ಆದರೆ ನಮ್ಮ ಜಿಲ್ಲೆಯ ದಾರಿ ಎಂಥದ್ದು ಅಂತ ನಿಮಗೆ ಗೊತ್ತಲ್ವಾ. ಮೇಲೆ ಘಟ್ಟ, ಮಳೆಗಾಲದ ಹೊಂಡ, ವರ್ಷಗಟ್ಟಲೆ ನಡೆಯುವ ರಸ್ತೆ ಕೆಲಸ, ಜಲ್ಲಿ. ಕೆಳಗೆ ಸಮುದ್ರದ ಉಪ್ಪು ಗಾಳಿ. ಇಂಥ ಕಡೆ ಗಾಲಿ, ಫ್ರೇಮ್ ಎರಡೂ ಚಂದಕ್ಕಿಂತ ಎಷ್ಟೋ ದೊಡ್ಡ ವಿಷಯ.

ಕಾಟಾದ ಮೇಲೆ ಎರಡು ಗಾಲಿ

ನನ್ನ ಅಕ್ಕನ ಮಗ ಶಿರಸಿಯಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ಅವನ ಅಪ್ಪನ ಹಳೇ ಯಮಹಾ ಆರ್‌ಎಕ್ಸ್ 100 ಮನೆಯ ಕೊಟ್ಟಿಗೆ ಪಕ್ಕ ನಿಂತಿತ್ತು. ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಲ್ಲಿ ಬಂತು, 1996ರಲ್ಲಿ ನಿಂತಿತು. ಇಷ್ಟು ವರ್ಷದ ಮೇಲೂ ಹುಡುಗರು ಅದರ ಹಿಂದೆ ಬಿದ್ದಿದ್ದಾರೆ. ಯಾಕೆ ಅಂತ ಕೇಳಿದರೆ ಎಲ್ಲರೂ ಎರಡು ಸ್ಟ್ರೋಕಿನ ಶಬ್ದ ಅನ್ನುತ್ತಾರೆ. ನಾನು ಬೇರೆ ಕಾರಣ ಹೇಳುತ್ತೇನೆ. ಅದರ ತೂಕ ಬರೀ 103 ಕಿಲೋ. ಎಂಜಿನ್ 98 ಸಿಸಿ, ಶಕ್ತಿ 11 ಬಿಎಚ್‌ಪಿ. ಇವತ್ತಿನ ಲೆಕ್ಕದಲ್ಲಿ ಅದೇನೂ ದೊಡ್ಡದಲ್ಲ. ಆದರೂ ಆ ಗಾಡಿ ಚಿಮ್ಮುತ್ತದೆ, ಯಾಕೆಂದರೆ ಅದು ಹೊರಬೇಕಾದ್ದು ಕಡಿಮೆ.

ಒಂದು ಸಂಜೆ ಹುಡುಗ ಫೋನ್ ಮಾಡಿದ. "ಮಾವ, ಅಲಾಯ್ ವೀಲ್ ತಂದಿದ್ದೇನೆ, ಬಂದು ನೋಡು. ಅಲ್ಯೂಮಿನಿಯಂ. ಗಾಡಿ ಇನ್ನೂ ಹಗುರಾಗ್ತದೆ" ಅಂದ. ಹೋದೆ. ದಪ್ಪ ಕಡ್ಡಿಗಳ, ಕಪ್ಪು ಬಣ್ಣದ ಎರಕದ ಗಾಲಿ. ಯಾರು ಮಾಡಿದ್ದು ಅನ್ನುವ ಗುರುತು ಎಲ್ಲೂ ಇಲ್ಲ. ಎಷ್ಟು ಭಾರ ತಡೆಯುತ್ತದೆ ಅನ್ನುವ ಅಂಕಿಯೂ ಇಲ್ಲ. ನೋಡಲು ಗಟ್ಟಿಯಾಗಿತ್ತು, ಚಂದವೂ ಇತ್ತು. "ಹಗುರಾಗ್ತದೆ ಅಂತ ಯಾರು ಹೇಳಿದ್ರು?" ಅಂದೆ. "ಅಲ್ಯೂಮಿನಿಯಂ ಅಲ್ವಾ ಮಾವ" ಅಂದ. ಅವರ ಮನೆಯಲ್ಲಿ ಅಡಿಕೆ ತೂಗುವ ಕಾಟಾ ಇದೆ. ಹಳೇ ಮುಂದಿನ ಗಾಲಿಯಿಂದ ಟೈರು, ಟ್ಯೂಬು ತೆಗೆದು ಅದರ ಮೇಲಿಟ್ಟೆವು. ಆಮೇಲೆ ಹೊಸದನ್ನು ಇಟ್ಟೆವು. ಹೊಸದೇ ಭಾರ ಇತ್ತು, ಸ್ವಲ್ಪವೂ ಅಲ್ಲ, ಚೆನ್ನಾಗಿಯೇ ಜಾಸ್ತಿ. ಹುಡುಗ ಕಾಟಾವನ್ನು ಸೊನ್ನೆಗೆ ತಂದು ಮತ್ತೆ ತೂಗಿದ. ಒಳಗಿನಿಂದ ಅಡಿಕೆ ಚೀಲ ತಂದಿಟ್ಟು ಕಾಟಾ ಸರಿ ಇದೆಯಾ ಅಂತಲೂ ನೋಡಿದ. ಕಾಟಾ ಸರಿಯಾಗೇ ಇತ್ತು.

ಲೋಹದ ಲೆಕ್ಕ ಹೀಗೆ. ಒಂದು ಘನ ಸೆಂಟಿಮೀಟರ್ ಉಕ್ಕು 7.85 ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ 2.7 ಗ್ರಾಂ. ಅಂದರೆ ಮೂರನೇ ಒಂದು ಪಾಲು. ಆದರೆ ಅಲ್ಯೂಮಿನಿಯಂ ಬಾಗದೆ ನಿಲ್ಲುವ ಗಡಸುತನವೂ ಉಕ್ಕಿನ ಮೂರನೇ ಒಂದು ಪಾಲೇ. ಹಾಗಾಗಿ ಅಷ್ಟೇ ಗಟ್ಟಿ ಬೇಕು ಅಂದರೆ ಜಾಸ್ತಿ ಲೋಹ ಹಾಕಬೇಕು. ಅದರಲ್ಲೂ ಕರಗಿಸಿ ಅಚ್ಚಿಗೆ ಸುರಿದ ಎರಕದ ಗಾಲಿಯಲ್ಲಿ ಒಳಗೆ ಸಣ್ಣ ಗುಳ್ಳೆಗಳು ಉಳಿಯಬಹುದು. ಅದಕ್ಕೆ ಅಂತಲೇ ಇನ್ನಷ್ಟು ದಪ್ಪ ಮಾಡುತ್ತಾರೆ. ಫೋರ್ಜ್ ಮಾಡಿದ ಗಾಲಿ ಬೇರೆ. ಕಾಯಿಸಿದ ಅಲ್ಯೂಮಿನಿಯಂ ಗಟ್ಟಿಯನ್ನು ಭಾರೀ ಒತ್ತಡದಲ್ಲಿ ಒತ್ತಿ ಆಕಾರಕ್ಕೆ ತಂದು, ಆಮೇಲೆ ಬೇಡದ್ದನ್ನೆಲ್ಲ ಯಂತ್ರದಲ್ಲಿ ಕೊರೆದು ತೆಗೆಯುತ್ತಾರೆ. ಲೋಹದ ಕಣಗಳು ಒತ್ತಾಗಿ ಕೂತಿರುವುದರಿಂದ ತೆಳ್ಳಗೆ ಮಾಡಿದರೂ ಬಲ ಇರುತ್ತದೆ. ಬೆಲೆಯೂ ಹಾಗೇ ಇರುತ್ತದೆ. ಇಟಲಿಯ ಮಾರ್ಕೆಸಿನಿ, ಓಝೆಡ್, ಇಂಗ್ಲೆಂಡಿನ ಡೈಮ್ಯಾಗ್ ಇವೆಲ್ಲ ರೇಸಿನಿಂದ ಹೆಸರು ಮಾಡಿದ ಗಾಲಿಗಳು. ಊರಿನ ಅಂಗಡಿಯಲ್ಲಿ ಸಿಗುವ ಹೆಸರಿಲ್ಲದ ಎರಕದ ಗಾಲಿಗೂ ಇವಕ್ಕೂ ಒಂದೇ ಅಲಾಯ್ ಅನ್ನುವ ಹೆಸರು ಬಂದುಬಿಟ್ಟಿದೆ. ಗೊಂದಲ ಶುರುವಾಗುವುದು ಅಲ್ಲೇ.

ತೂಕ ಮುಗಿದ ಮೇಲೆ ಹುಡುಗನಿಗೆ ಇನ್ನೊಂದು ತೋರಿಸಿದೆ. ಹಳೇ ಗಾಲಿಗೆ ಆಕ್ಸಲ್ ತೂರಿಸಿ ಅದರ ಎರಡು ತುದಿ ಅವನ ಎರಡು ಕೈಗೆ ಕೊಟ್ಟೆ. ಗಾಲಿಯನ್ನು ಜೋರಾಗಿ ತಿರುಗಿಸಿ, "ಈಗ ಎಡಕ್ಕೆ ವಾಲಿಸು" ಅಂದೆ. ವಾಲಿಸಲು ಹೋದ, ಗಾಲಿ ಅವನ ಕೈಯನ್ನು ಬೇರೆ ಕಡೆಗೆ ತಿರುಚಿತು. "ಇದೆಂತ ಮಾವ, ಜೀವ ಇದ್ದ ಹಾಗೆ ಎಳೀತದೆ" ಅಂದ. ಆಮೇಲೆ ಹೊಸ ಗಾಲಿಯಲ್ಲಿ ಅದನ್ನೇ ಮಾಡಿದೆವು. ಈ ಸಲ ಅವನ ಮೊಣಕೈ ನಡುಗಿತು. ತಿರುಗುತ್ತಿರುವ ಗಾಲಿ ತಾನಿದ್ದ ದಿಕ್ಕಿನಲ್ಲೇ ಇರಲು ನೋಡುತ್ತದೆ. ಭಾರ ಅಂಚಿನಲ್ಲಿದ್ದಷ್ಟೂ, ವೇಗ ಜಾಸ್ತಿಯಾದಷ್ಟೂ ಆ ಹಟ ಹೆಚ್ಚು. ಎಡ ತಿರುವಿನಿಂದ ಬಲ ತಿರುವಿಗೆ ಗಾಡಿಯನ್ನು ಒಗೆಯುವಾಗ ನಾವು ಹ್ಯಾಂಡಲ್ ಮೇಲೆ ಹಾಕುವ ಬಲದಲ್ಲಿ ಒಂದು ಪಾಲು ಈ ಹಟವನ್ನು ಮುರಿಯುವುದಕ್ಕೇ ಹೋಗುತ್ತದೆ.

ಪಿಕಪ್ ವಿಷಯವೂ ಇಲ್ಲೇ ಬರುತ್ತದೆ. ರಿಮ್ಮಿನ ಅಂಚಿನಲ್ಲಿರುವ ಒಂದು ಕಿಲೋ ಗಾಡಿಯ ಜೊತೆ ಮುಂದಕ್ಕೂ ಹೋಗಬೇಕು, ಆಕ್ಸಲ್ ಸುತ್ತ ತಿರುಗಲೂ ಬೇಕು. ಎರಡಕ್ಕೂ ಎಂಜಿನ್ನೇ ಶಕ್ತಿ ಕೊಡಬೇಕು, ನಿಲ್ಲಿಸುವಾಗ ಎರಡನ್ನೂ ಬ್ರೇಕೇ ಹೀರಿಕೊಳ್ಳಬೇಕು. ಲೆಕ್ಕ ಹಾಕಿದರೆ ಅದು ಸೀಟಿನ ಮೇಲಿಟ್ಟ ಹತ್ತಿರ ಹತ್ತಿರ 2 ಕಿಲೋಗೆ ಸಮ. ಅದೇ ಒಂದು ಕಿಲೋ ಗಾಲಿಯ ನಡುವಿನ ಹಬ್ಬಿನಲ್ಲಿದ್ದರೆ ಈ ತೊಂದರೆ ಇಲ್ಲ. ಅಂದಹಾಗೆ, ಅಂಚಿನಲ್ಲಿ ಕೂತಿರುವ ಅತಿ ದೊಡ್ಡ ತೂಕ ಟೈರಿನದ್ದು. ರಿಮ್ಮಿನಲ್ಲಿ ಉಳಿಸಿದ್ದನ್ನೆಲ್ಲ ಬೇಕಿಲ್ಲದ ಅಗಲದ ಟೈರು ಹಾಕಿ ಕಳೆಯುವವರನ್ನು ಬಹಳ ನೋಡಿದ್ದೇನೆ.

ಹುಡುಗ ಆ ಗಾಲಿಗಳನ್ನು ಮರುದಿನವೇ ಅಂಗಡಿಗೆ ವಾಪಸ್ ಕೊಟ್ಟ. ನಾನು ಕೊಡು ಅಂತ ಹೇಳಿರಲಿಲ್ಲ. ಕಾಟಾ ಹೇಳಿತ್ತು.

ಗೆಳೆಯನ ಗಾಡಿ

ನನಗೆ ಇದೆಲ್ಲ ಪುಸ್ತಕದ ಲೆಕ್ಕವಾಗಿ ಮೊದಲೇ ಗೊತ್ತಿತ್ತು. ಮೈಗೆ ಗೊತ್ತಾಗಿದ್ದು ಬೆಂಗಳೂರಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಊರಿಗೆ ಬಂದಾಗ. ಅವನದ್ದು ಕೆಟಿಎಂ 390 ಡ್ಯೂಕ್. ಹೊರದೇಶದಿಂದ ಫೋರ್ಜ್ ಮಾಡಿದ ಅಲ್ಯೂಮಿನಿಯಂ ಗಾಲಿ ತರಿಸಿ ಹಾಕಿದ್ದ. ಅಳತೆ ಕಂಪನಿಯದ್ದೇ, 17 ಇಂಚು, ಅಗಲವೂ ಅಷ್ಟೇ, ಟೈರೂ ಅದೇ. ಬೇರೆ ಏನನ್ನೂ ಮುಟ್ಟಿರಲಿಲ್ಲ. ಅದೇ ಮಾದರಿಯ ಗಾಡಿಯನ್ನು ನಾನು ಮುಂಚೆ ಬಹಳ ಓಡಿಸಿದ್ದೆ. ಹಾಗಾಗಿ ಹೋಲಿಸಿ ನೋಡಲು ಅನುಕೂಲ ಆಯಿತು.

ಮಳೆ ಮುಗಿದ ಮೇಲಿನ ಒಂದು ಬೆಳಿಗ್ಗೆ. ರಾಗಿಹೊಸಳ್ಳಿ ದಾಟಿದ ಮೇಲೆ ಕೀಲಿ ನನಗೆ ಕೊಟ್ಟ. ಮೊದಲ ಎರಡು ತಿರುವಿನಲ್ಲಿ ಗಾಡಿ ನಾನು ಅಂದುಕೊಂಡದ್ದಕ್ಕಿಂತ ಬೇಗ ವಾಲಿತು. ಕೈ ಹಳೇ ಗಾಲಿಯ ಅಂದಾಜಿನಲ್ಲಿ ಒತ್ತುತ್ತಿತ್ತು, ಗಾಡಿಗೆ ಅಷ್ಟು ಬೇಕಿರಲಿಲ್ಲ. ಮೂರನೆಯ ತಿರುವಿನ ಹೊತ್ತಿಗೆ ಕೈ ಹಗುರಾಯಿತು. ಆಮೇಲೆ ತಿರುವಿನಿಂದ ತಿರುವಿಗೆ ಹೋಗುವುದು ಯೋಚನೆ ಮಾಡಿದಷ್ಟೇ ಸಲೀಸು. ಬ್ರೇಕ್ ಹಿಡಿದಾಗ ಅದೇ ಡಿಸ್ಕ್, ಅದೇ ಪ್ಯಾಡ್, ಆದರೆ ಗಾಲಿ ಬೇಗ ಮಾತು ಕೇಳುತ್ತಿತ್ತು. ಇದೆಲ್ಲ ನಾನು ಎದುರು ನೋಡಿದ್ದೇ. ನೋಡದೆ ಇದ್ದದ್ದು ಹೊಂಡದ ವಿಷಯ. ಘಟ್ಟದ ಮಧ್ಯೆ ಟಾರು ಕಿತ್ತು ಹೋಗಿ ಸಾಲು ಹೊಂಡ ಇರುವ ಒಂದು ಭಾಗ ಇತ್ತು. ಅಲ್ಲಿ ಗಾಡಿ ಎಗರಿ ಎಗರಿ ಹೋಗಬೇಕಿತ್ತು. ಎಗರಲಿಲ್ಲ. ಗಾಲಿ ಹೊಂಡದ ಒಳಗೆ ಇಳಿದು ಹತ್ತಿ, ಮತ್ತೆ ಇಳಿದು ಹತ್ತಿ ನೆಲವನ್ನು ಹಿಡಿದುಕೊಂಡೇ ಹೋಯಿತು. ನನ್ನ ಕೈಗೆ ಬಂದ ಪೆಟ್ಟು ಕಡಿಮೆ.

ಇದಕ್ಕೆ ಕಾರಣ ಸ್ಪ್ರಿಂಗಿನ ಕೆಳಗಿನ ತೂಕ. ಗಾಲಿ, ಟೈರು, ಡಿಸ್ಕು, ಫೋರ್ಕಿನ ಕೆಳಭಾಗ, ಇವನ್ನು ಸ್ಪ್ರಿಂಗ್ ಹೊರುವುದಿಲ್ಲ. ಇವು ರಸ್ತೆಯ ಜೊತೆ ಮೇಲೆ ಕೆಳಗೆ ಹೋಗುತ್ತವೆ. ಭಾರದ ಗಾಲಿ ಹೊಂಡದ ಅಂಚಿಗೆ ಬಡಿದು ಮೇಲಕ್ಕೆ ಹೊರಟಿತು ಅಂದರೆ ಅದನ್ನು ತಡೆದು ವಾಪಸ್ ನೆಲಕ್ಕೆ ತರಲು ಸ್ಪ್ರಿಂಗಿಗೆ ಹೊತ್ತು ಬೇಕು. ಅಷ್ಟು ಹೊತ್ತು ಟೈರು ಗಾಳಿಯಲ್ಲಿ ಇರುತ್ತದೆ. ಗಾಳಿಯಲ್ಲಿರುವ ಟೈರು ಬ್ರೇಕೂ ಹಿಡಿಯಲಾರದು, ತಿರುಗಲೂ ಆಗದು. ಹಗುರ ಗಾಲಿಯ ಬಗ್ಗೆ ಬರೆಯುವವರು ಯಾವಾಗಲೂ ರೇಸ್ ಟ್ರ್ಯಾಕಿನ ಮಾತೇ ಬರೆಯುತ್ತಾರೆ. ನುಣುಪು ಟ್ರ್ಯಾಕಿಗಿಂತ ನಮ್ಮ ಕೆಟ್ಟ ರಸ್ತೆಗೇ ಹಗುರ ಗಾಲಿ ಹೆಚ್ಚು ಉಪಕಾರ ಮಾಡುತ್ತದೆ ಅಂತ ನನಗೆ ಆ ಬೆಳಿಗ್ಗೆ ಖಾತ್ರಿಯಾಯಿತು. ಒಂದು ಷರತ್ತು ಮಾತ್ರ. ಹಗುರದ ಜೊತೆ ಬಲವೂ ಇರಬೇಕು.

ಉಪ್ಪು

ಕಾರವಾರದಲ್ಲಿ ನನಗೆ ಬೇಕಾದ ಒಂದು ಗ್ಯಾರೇಜ್ ಇದೆ. ಮೇಸ್ತ್ರಿಗೆ ವಯಸ್ಸಾಗಿದೆ. ಇವತ್ತಿಗೂ ಕಡ್ಡಿ ಗಾಲಿಯ ಬೆಂಡ್ ತೆಗೆಯಲು ಸುತ್ತಲಿನವರು ಅವರ ಹತ್ತಿರವೇ ಬರುತ್ತಾರೆ. ಗಾಲಿಯನ್ನು ಸ್ಟ್ಯಾಂಡಿಗೆ ಹಾಕಿ, ರಿಮ್ಮಿನ ಪಕ್ಕ ಒಂದು ಚೂಪು ಕಡ್ಡಿ ಇಟ್ಟು, ನಿಧಾನ ತಿರುಗಿಸುತ್ತ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟು, ಅಂದರೆ ನಿಪ್ಪಲ್ಲನ್ನು, ಒಂದೊಂದಾಗಿ ಕಾಲು ಸುತ್ತು, ಅರೆ ಸುತ್ತು ಬಿಗಿ ಮಾಡುತ್ತಾರೆ. ನಡುನಡುವೆ ಕಡ್ಡಿಗಳನ್ನು ಸ್ಪ್ಯಾನರಿನಿಂದ ಟಿಣ್ ಅಂತ ತಟ್ಟಿ ಶಬ್ದ ಕೇಳುತ್ತಾರೆ. ಸಡಿಲ ಕಡ್ಡಿಯ ಶಬ್ದ ಮಂಕಾಗಿರುತ್ತದೆ. ಅವರ ಗೋಡೆಯ ಬದಿಗೆ ಒಡೆದ ಅಲಾಯ್ ಗಾಲಿಗಳ ರಾಶಿ ಬೆಳೆಯುತ್ತಲೇ ಇರುತ್ತದೆ. ಕೆಲವು ಅಂಚಿನಲ್ಲಿ ಸೀಳಿವೆ. ಕೆಲವನ್ನು ಯಾರೋ ವೆಲ್ಡಿಂಗ್ ಮಾಡಿ ಬಣ್ಣ ಹೊಡೆದಿದ್ದಾರೆ, ಅದರ ಪಕ್ಕದಲ್ಲೇ ಮತ್ತೆ ಸೀಳಿವೆ. "ಉಕ್ಕಿನ ರಿಮ್ ಬಾಗ್ತದೆ ತಮ್ಮ, ಬಾಗಿ ಹೇಳ್ತದೆ. ಇದು ಹೇಳದೆ ಒಡೀತದೆ" ಅಂದರು ಒಮ್ಮೆ. ಒಡೆದ ಎರಕದ ಗಾಲಿಗೆ ವೆಲ್ಡಿಂಗ್ ಮಾಡಿ ಕೊಡಲು ಅವರು ಒಪ್ಪುವುದಿಲ್ಲ. ಕಾಯಿಸಿದ ಜಾಗದ ಸುತ್ತ ಅಲ್ಯೂಮಿನಿಯಂ ಮೆತ್ತಗಾಗುತ್ತದೆ, ಮುಂದಿನ ಹೊಂಡಕ್ಕೆ ಅದೇ ಜಾಗ ಹೋಗುತ್ತದೆ. ಗಿರಾಕಿ ಸಿಟ್ಟಾಗಿ ಬೇರೆ ಕಡೆ ಹೋದರೂ ಅವರು ಮಾತು ಬದಲಿಸುವುದಿಲ್ಲ. ನನಗೆ ಅವರ ಮೇಲಿನ ಗೌರವಕ್ಕೆ ಇದೇ ಮುಖ್ಯ ಕಾರಣ.

ಕರಾವಳಿಯ ಗಾಲಿಗೆ ಹೊಂಡದಷ್ಟೇ ದೊಡ್ಡ ಶತ್ರು ಉಪ್ಪು. ಮಾಜಾಳಿಯಿಂದ ಭಟ್ಕಳದವರೆಗೆ ಹೆದ್ದಾರಿ 66 ಸಮುದ್ರದ ಜೊತೆಗೇ ಓಡುತ್ತದೆ. ಬೈತಖೋಲ್ ಬಂದರಿನ ಕಡೆ ಮೀನಿನ ಲಾರಿಯ ಹಿಂದೆ ಸಿಕ್ಕಿಕೊಂಡರೆ ಮಂಜುಗಡ್ಡೆ ಕರಗಿದ ನೀರು ರಸ್ತೆಗೂ ಬೀಳುತ್ತದೆ, ನಮ್ಮ ಗಾಡಿಗೂ ಬೀಳುತ್ತದೆ. ಮೀನು ನೀರಿನ ಮೇಲೆ ಬೈಕ್ ಜಾರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದೇ ನೀರು ನಿಪ್ಪಲ್ ಒಳಗೆ ಕೂತು ಏನು ಮಾಡುತ್ತದೆ ಅನ್ನುವುದನ್ನು ಯಾರೂ ನೋಡುವುದಿಲ್ಲ. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿ, ಮಧ್ಯೆ ಉಪ್ಪು ನೀರು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿ ಹುಟ್ಟುತ್ತದೆ. ಎರಡರಲ್ಲಿ ದುರ್ಬಲವಾದ ಲೋಹ ಕರಗುತ್ತ ಹೋಗುತ್ತದೆ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಹಿತ್ತಾಳೆ ನಿಪ್ಪಲ್ ಇದ್ದರೆ ಕರಗುವುದು ರಿಮ್ಮು. ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ, ನಿಪ್ಪಲ್ ಹಿಡಿದುಕೊಂಡು ಬಿಡುತ್ತದೆ, ಆಮೇಲೆ ಬೆಂಡ್ ತೆಗೆಯಲು ಹೋದರೆ ಕಡ್ಡಿ ತುಂಡಾಗುತ್ತದೆ.

ಆದ್ದರಿಂದ ರೇಸಿನವರ ಗಾಲಿಯನ್ನು ಕಣ್ಣು ಮುಚ್ಚಿ ಇಲ್ಲಿಗೆ ತರಬಾರದು. ಮ್ಯಾಗ್ನೀಶಿಯಂ ಗಾಲಿಯನ್ನೇ ತೆಗೆದುಕೊಳ್ಳಿ. ಅದು ಒಂದು ಘನ ಸೆಂಟಿಮೀಟರಿಗೆ 1.74 ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂನ ಮೂರನೇ ಎರಡು ಪಾಲೂ ಇಲ್ಲ. 1970ರ ದಶಕದಿಂದ ರೇಸಿನಲ್ಲಿ ಅದೇ ರಾಜ. ಆದರೆ ಗಾಡಿ ಕಟ್ಟಲು ಬಳಸುವ ಲೋಹಗಳಲ್ಲಿ ಉಪ್ಪು ನೀರಿಗೆ ಎಲ್ಲಕ್ಕಿಂತ ಬೇಗ ಸೋಲುವುದೂ ಅದೇ. ಮೇಲಿನ ಬಣ್ಣ ಒಂದು ಜಲ್ಲಿ ಕಲ್ಲು ತಾಗಿ ಚಕ್ಕೆ ಎದ್ದರೆ ಸಾಕು, ಒಳಗೆ ತಿನ್ನಲು ಶುರು. ಕಾರ್ಬನ್ ಫೈಬರ್ ಗಾಲಿಗೆ ತುಕ್ಕಿಲ್ಲ. ಡುಕಾಟಿ 2017ರಲ್ಲಿ ತಂದ 1299 ಸೂಪರ್‌ಲೆಜೆರಾದಲ್ಲಿ ಗಾಲಿಯಷ್ಟೇ ಅಲ್ಲ, ಫ್ರೇಮೂ ಸ್ವಿಂಗ್ ಆರ್ಮೂ ಕಾರ್ಬನ್ನೇ. ಆದರೆ ಗಾಲಿಯ ನಡುವೆ ಕೂರಿಸುವ ಹಬ್ ಲೋಹದ್ದು. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವುದರಿಂದ, ಸರಿಯಾಗಿ ಬೇರ್ಪಡಿಸದಿದ್ದರೆ ಉಪ್ಪಿನಲ್ಲಿ ಅದು ತಾಗಿದ ಅಲ್ಯೂಮಿನಿಯಂ ಕರಗುತ್ತದೆ. ಹೊಂಡದ ಪೆಟ್ಟಿಗೆ ಕಾರ್ಬನ್ ಬಾಗುವುದೂ ಇಲ್ಲ, ನೇರ ಬಿರಿಯುತ್ತದೆ.

ನಮ್ಮ ಹುಡುಗನ ಆರ್‌ಎಕ್ಸಿಗೆ ಕೊನೆಗೆ ಏನು ಮಾಡಿದೆವು ಅಂದರೆ, ಹಳೇ ಡ್ರಮ್ ಹಬ್ ಹಾಗೇ ಇಟ್ಟುಕೊಂಡು ಅದೇ 18 ಇಂಚಿನ, ಅದೇ ಅಗಲದ ಅಲ್ಯೂಮಿನಿಯಂ ರಿಮ್ ಹಾಕಿಸಿದೆವು. ಕಡ್ಡಿ ಸ್ಟೇನ್‌ಲೆಸ್. ಇದು ಹಳೇ ದಾರಿ. ಎಕ್ಸೆಲ್, ಬೊರಾನಿ, ಆಕ್ರಾಂಟ್ ಇವರೆಲ್ಲ ಎಷ್ಟೋ ವರ್ಷ ಇಂಥ ರಿಮ್ಮುಗಳನ್ನೇ ಮಾಡಿ ಹೆಸರಾದವರು. ಕಡ್ಡಿ ಗಾಲಿ ಪೆಟ್ಟನ್ನು ಹಂಚಿಕೊಳ್ಳುತ್ತದೆ, ಬಾಗಿದರೆ ಸರಿ ಮಾಡಬಹುದು, ಒಂದು ಕಡ್ಡಿ ಹೋದರೆ ಒಂದೇ ಕಡ್ಡಿ ಹಾಕಬಹುದು. ಕಾರವಾರದ ಮೇಸ್ತ್ರಿಯೇ ಕಟ್ಟಿ ಕೊಟ್ಟರು. ಪ್ರತಿ ನಿಪ್ಪಲ್ಲಿಗೂ ಗ್ರೀಸ್ ಮುಟ್ಟಿಸಿ ಹಾಕಿದರು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕಡ್ಡಿ ನೋಡಿಸು, ಕರಾವಳಿಗೆ ಹೋಗಿ ಬಂದ ದಿನ ಸಿಹಿ ನೀರಿನಲ್ಲಿ ತೊಳೆ ಅಂತ ಹೇಳಿ ಕಳಿಸಿದರು. ಟ್ಯೂಬ್‌ಲೆಸ್ ಅನುಕೂಲ ಇದರಲ್ಲಿ ಇಲ್ಲ, ಅದು ನಿಜ. ಘಟ್ಟದಲ್ಲಿ ಪಂಕ್ಚರ್ ಆದರೆ ಕಷ್ಟವೇ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಕ್ಕೆ ಕಡ್ಡಿ ಇದ್ದೂ ಟ್ಯೂಬ್ ಬೇಡದ ಗಾಲಿ ಬಂದಿರುವುದು ಇದೇ ಕಷ್ಟಕ್ಕೆ ಉತ್ತರ. ನಮ್ಮ ದಾರಿಗೆ ಅದಕ್ಕಿಂತ ಹೊಂದುವ ಗಾಲಿ ನನಗೆ ಗೊತ್ತಿಲ್ಲ.

ಫ್ರೇಮ್ ಕಟ್ಟಿದವರು

ಗಾಲಿ ಸಿಕ್ಕ ಮೇಲೆ ಹುಡುಗನ ಕಣ್ಣು ಫ್ರೇಮಿನ ಮೇಲೆ ಬಿತ್ತು. ಹಿಂದಿನ ಭಾಗ ಕತ್ತರಿಸಿ, ಗಿಡ್ಡ ಸೀಟು ಹಾಕಿ, ಹಳೇ ರೇಸ್ ಗಾಡಿಯ ಹಾಗೆ ಕಾಣುವ ಕೆಫೆ ರೇಸರ್ ಮಾಡಬೇಕು ಅಂತ. ಇಲ್ಲಿ ನಾನು ಗಟ್ಟಿಯಾಗಿ ಬೇಡ ಅಂದೆ. ಆರ್‌ಎಕ್ಸಿನಂಥ ಎರಡು ಶಾಕ್ ಅಬ್ಸಾರ್ಬರಿನ ಗಾಡಿಯಲ್ಲಿ ಹಿಂದಿನ ಕೊಳವೆಗಳು ಬರೀ ಸೀಟು ಹೊರುವುದಕ್ಕೆ ಇರುವುದಲ್ಲ. ಶಾಕ್‌ಗಳ ಮೇಲಿನ ತುದಿ ಕೂತಿರುವುದು ಅಲ್ಲೇ. ಹಿಂದಿನ ಗಾಲಿಯ ಪ್ರತಿಯೊಂದು ಪೆಟ್ಟೂ ಆ ಕೊಳವೆಗಳ ಮೂಲಕವೇ ಗಾಡಿಗೆ ಏರುತ್ತದೆ. ಅಲ್ಲಿ ಕತ್ತರಿಸಿ, ಸಿಕ್ಕ ಪೈಪು ಬಾಗಿಸಿ ಅಂಟಿಸಿದರೆ ಚಿತ್ರದಲ್ಲಿ ಚಂದ. ಅರಬೈಲ್ ಘಟ್ಟದಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇಳಿಯುವಾಗ ಆ ವೆಲ್ಡಿಂಗ್ ಮೇಲೆ ಬೀಳುವ ಭಾರ ಯಾರು ಲೆಕ್ಕ ಹಾಕಿದ್ದಾರೆ?

ಆದರೆ ಬೇಡ ಅಂತ ಹೇಳಿ ಸುಮ್ನೆ ಎದ್ದು ಬರಲು ಮನಸ್ಸಾಗಲಿಲ್ಲ. ಫ್ರೇಮನ್ನು ತಾವೇ ಕಟ್ಟಿದವರ ಕಥೆ ಹೇಳಿದೆ. 1950ರಲ್ಲಿ ನಾರ್ಟನ್ ಕಂಪನಿಯ ರೇಸ್ ಗಾಡಿಗೆ ಬಂದ ಫೆದರ್‌ಬೆಡ್ ಫ್ರೇಮನ್ನು ರೂಪಿಸಿದ್ದು ಆ ಕಂಪನಿಯ ಎಂಜಿನಿಯರುಗಳಲ್ಲ. ಬೆಲ್‌ಫಾಸ್ಟಿನ ರೆಕ್ಸ್ ಮೆಕ್‌ಕ್ಯಾಂಡ್ಲೆಸ್ ಮತ್ತು ಅವನ ತಮ್ಮ. ಹ್ಯಾಂಡಲ್ ಕೂರುವ ತಲೆಯಿಂದ ಸ್ವಿಂಗ್ ಆರ್ಮ್ ಕೂರುವ ಜಾಗದವರೆಗೆ ಎರಡು ಕೊಳವೆ ಸುತ್ತುಗಳು. ಗಾಲಿಗಳೆರಡೂ ಒಂದೇ ಸಾಲಿನಲ್ಲಿ ಇರುವ ಹಾಗೆ ಹಿಡಿಯುವ ಸರಳ ಕಟ್ಟು. ಅದೇ ವರ್ಷ ಜೆಫ್ ಡ್ಯೂಕ್ ಅದರ ಮೇಲೆ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ರೇಸ್ ಗೆದ್ದ. ಆಮೇಲೆ ಇಂಗ್ಲೆಂಡಿನ ಹುಡುಗರು ಟ್ರಯಂಫ್ ಎಂಜಿನ್ ತೆಗೆದು ಆ ಫ್ರೇಮಿನಲ್ಲಿ ಕೂರಿಸಿ ಟ್ರೈಟನ್ ಮಾಡಿಕೊಂಡರು. ರಿಕ್‌ಮನ್ ಅಣ್ಣ ತಮ್ಮಂದಿರು ಹೊಳೆಯುವ ನಿಕ್ಕಲ್ ಲೇಪದ ಮೆಟಿಸ್ ಫ್ರೇಮ್ ಮಾಡಿ ಮಾರಿದರು. ಸ್ವಿಟ್ಜರ್‌ಲೆಂಡಿನ ಫ್ರಿಟ್ಜ್ ಎಗ್ಲಿ ವಿನ್ಸೆಂಟ್ ಎಂಜಿನ್ನನ್ನು ಒಂದೇ ಒಂದು ದಪ್ಪ ಕೊಳವೆಯ ಕೆಳಗೆ ನೇತುಹಾಕಿದ.

ಜಪಾನಿನ ದೊಡ್ಡ ಎಂಜಿನ್ನುಗಳು ಬಂದ ಮೇಲೆ ಈ ಕೆಲಸಕ್ಕೆ ಇನ್ನೂ ಬೇಡಿಕೆ ಬಂತು. 1969ರ ಹೋಂಡಾ ಸಿಬಿ 750, ಆಮೇಲಿನ 903 ಸಿಸಿಯ ಕವಾಸಾಕಿ ಝಡ್ 1, ಇವುಗಳ ಎಂಜಿನ್ ಎಷ್ಟು ಬಲವೋ ಫ್ರೇಮ್ ಅಷ್ಟು ಬಲ ಇರಲಿಲ್ಲ. ವೇಗದಲ್ಲಿ ಗಾಡಿ ಅಲ್ಲಾಡುತ್ತಿತ್ತು. ಇಟಲಿಯ ರಿಮಿನಿಯಲ್ಲಿ 1973ರಲ್ಲಿ ಹುಟ್ಟಿದ ಬಿಮೋಟಾ ಇದೇ ಕೊರತೆಯಿಂದ ಬೆಳೆಯಿತು. ಅವರ ಮೊದಲ ಗಾಡಿ ಎಚ್‌ಬಿ 1 ಅಂದರೆ ಸಿಬಿ 750ರ ಎಂಜಿನ್ನಿಗೆ ಅವರದೇ ಫ್ರೇಮ್. ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ಶುರುವಾಗಿದ್ದು 1972ರಲ್ಲಿ. 1985ರಲ್ಲಿ ಸುಜುಕಿ ಅಲ್ಯೂಮಿನಿಯಂ ಫ್ರೇಮಿನ ಜಿಎಸ್‌ಎಕ್ಸ್-ಆರ್ 750 ತಂದಿತು. ಕಂಪನಿಯೇ ಒಳ್ಳೆ ಫ್ರೇಮ್ ಕೊಡಲು ಕಲಿತ ಮೇಲೆ ಹೊರಗಿನವರ ಫ್ರೇಮಿಗೆ ಗಿರಾಕಿ ಕಡಿಮೆಯಾದರು.

ಹುಡುಗ ಸುಮ್ಮನೆ ಕೇಳುತ್ತಿದ್ದ. "ಅವರದ್ದೆಲ್ಲ ನಮಗೆ ಎಲ್ಲಿ ಸಿಗ್ತದೆ ಮಾವ" ಅಂದ. ಸಿಕ್ಕಿದೆ, ದಿನಾ ನಮ್ಮ ಕಣ್ಣೆದುರೇ ಓಡುತ್ತಿದೆ. 2013ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿಯ ಫ್ರೇಮ್ ರೂಪಿಸಿದ್ದು ಅದೇ ಹ್ಯಾರಿಸ್. 2015ರಲ್ಲಿ ರಾಯಲ್ ಎನ್‌ಫೀಲ್ಡ್ ಆ ಕಂಪನಿಯನ್ನೇ ಕೊಂಡಿತು. 2018ರಲ್ಲಿ ಬಂದ ಇಂಟರ್‌ಸೆಪ್ಟರ್ 650ರ ಫ್ರೇಮೂ ಅವರ ಕೈಯದ್ದು. ಕಾರವಾರದ ಟ್ಯಾಗೋರ್ ಬೀಚಿನ ಎದುರು ನಿಂತಿರುವ ಇಂಟರ್‌ಸೆಪ್ಟರ್‌ಗಳನ್ನು ನೋಡಿದಾಗ ನನಗೆ ನೆನಪಾಗುವುದು ಇದು. ಹೊರಗೆ ನಿಂತು ಕಂಪನಿಯ ಫ್ರೇಮನ್ನು ತಿದ್ದುತ್ತಿದ್ದವರ ವಿದ್ಯೆ ಕೊನೆಗೆ ಕಂಪನಿಯ ಒಳಗೇ ಬಂದು ಕೂತಿದೆ. ನಮ್ಮ ಹುಡುಗರು ಆ ಗಾಡಿ ಕೊಂಡು ಮೊದಲು ಬದಲಾಯಿಸುವುದು ಸೈಲೆನ್ಸರನ್ನು. ಆ ಗಾಡಿಯ ಅತಿ ಒಳ್ಳೆಯ ಭಾಗ ಟ್ಯಾಂಕಿನ ಕೆಳಗೆ ಕಾಣದೆ ಇದೆ ಅಂತ ಯಾರಾದರೂ ಅವರಿಗೆ ಹೇಳಬೇಕು.

ಫ್ರೇಮ್ ಕಟ್ಟುವ ವಿದ್ಯೆಯಲ್ಲಿ ಒಂದು ಸೂಕ್ಷ್ಮ ಇದೆ, ಅದು ನನಗೆ ಬಹಳ ಇಷ್ಟ. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಗಾಡಿ ಪೂರ್ತಿ ವಾಲಿದಾಗ ರಸ್ತೆಯ ಪೆಟ್ಟು ಫೋರ್ಕಿನ ಉದ್ದಕ್ಕೆ ಬರುವುದಿಲ್ಲ, ಅಡ್ಡಕ್ಕೆ ಬರುತ್ತದೆ. ಆಗ ಸ್ಪ್ರಿಂಗು ಅದನ್ನು ಪೂರ್ತಿ ಹೀರಲಾರದು. ಫ್ರೇಮೇ ಒಂಚೂರು ಅಡ್ಡಕ್ಕೆ ಬಳುಕಿ ಆ ಪೆಟ್ಟನ್ನು ತಿನ್ನಬೇಕು. ಎಲ್ಲಿ ಬಿಗಿ, ಎಲ್ಲಿ ಬಳುಕು ಅನ್ನುವುದು ವರ್ಷಗಟ್ಟಲೆ ಕಟ್ಟಿ, ಓಡಿಸಿ, ಮತ್ತೆ ಕಟ್ಟಿದವರ ಅನುಭವ. ಬಲ ಬರಲಿ ಅಂತ ಸಿಕ್ಕಲ್ಲಿ ಪಟ್ಟಿ ಬೆಸೆಯುವವರು ಇದನ್ನು ತಿಳಿಯಬೇಕು. ಒಂದು ಕಡೆ ಬಿಗಿ ಮಾಡಿದರೆ ಆ ಭಾರ ಹೋಗಿ ಪಕ್ಕದ ಮೆತ್ತನೆ ಜಾಗದಲ್ಲಿ ಕೂರುತ್ತದೆ. ಸೀಳು ಬರುವುದು ಅಲ್ಲಿಂದ.

ಹಾಗಾದರೆ ಹಳೇ ಫ್ರೇಮಿಗೆ ಏನೂ ಮಾಡಬಾರದಾ? ಮಾಡಲು ಬೇಕಾದಷ್ಟಿದೆ. ನಾವು ಆರ್‌ಎಕ್ಸಿನ ಫ್ರೇಮ್ ಪೂರ್ತಿ ಖಾಲಿ ಮಾಡಿ, ತುಕ್ಕು ಕೆರೆದು, ಪ್ರತಿ ಬೆಸುಗೆಯನ್ನೂ ಬೆಳಕು ಬಿಟ್ಟು ನೋಡಿ, ಬಣ್ಣ ಹೊಡೆಸಿದೆವು. ಸ್ವಿಂಗ್ ಆರ್ಮ್ ಬುಶ್ ಸವೆದು ಆಟ ಕೊಡುತ್ತಿತ್ತು, ಹೊಸದು ಹಾಕಿದೆವು. ಹ್ಯಾಂಡಲಿನ ಕೋನ್ ಸೆಟ್ ಬದಲಾಯಿಸಿದೆವು. ಗಾಲಿಗಳು ಒಂದೇ ಸಾಲಿನಲ್ಲಿ ಇವೆಯಾ ಅಂತ ದಾರ ಕಟ್ಟಿ ನೋಡಿದೆವು. ಹೊರಗಿನಿಂದ ನೋಡಿದವರಿಗೆ ಬಣ್ಣ ಬಿಟ್ಟು ಏನೂ ಬದಲಾದಂತೆ ಕಾಣುವುದಿಲ್ಲ. ಓಡಿಸಿದವರಿಗೆ ಗೊತ್ತಾಗುತ್ತದೆ.

ಚಾಸಿ ನಂಬರ್

ಕಾನೂನಿನ ಮಾತು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು ಅಂತ ಬಂತು. ಚಾಸಿ ನಂಬರ್ ಕೊರೆದಿರುವುದು ಫ್ರೇಮಿನ ಮೇಲೆ. ಬೇರೆ ಫ್ರೇಮ್ ಹಾಕಿದ ಮೇಲೆ ಕಾರವಾರದ ಕೆಎ 30 ಇರಲಿ, ಶಿರಸಿಯ ಕೆಎ 31 ಇರಲಿ, ಆ ಆರ್‌ಸಿಯ ಗಾಡಿ ಅದಲ್ಲ. ಅಪಘಾತ ಆದರೆ ವಿಮೆಯೂ ಕೈಕೊಡಬಹುದು.

ಈ ಕಾನೂನಿನ ಉದ್ದೇಶವನ್ನು ನಾನು ಒಪ್ಪುತ್ತೇನೆ. ಒಡೆದ ಗಾಲಿಗಳ ರಾಶಿ ನೋಡಿದವರು ಒಪ್ಪಲೇಬೇಕು. ಆದರೆ ತಿಳಿಯದೆ ಕತ್ತರಿಸುವವನಿಗೂ ತಿಳಿದು ಕಟ್ಟುವವನಿಗೂ ಒಂದೇ ಬಾಗಿಲು ಮುಚ್ಚಿದೆ ಅನ್ನುವುದು ನನಗೆ ನೋವು. ಬ್ರಿಟನ್ನಿನಲ್ಲಿ ಒಂದೇ ಒಂದು ಗಾಡಿಯನ್ನು ಕೈಯಾರೆ ಕಟ್ಟಿದವನೂ ಅದನ್ನು ಪರೀಕ್ಷೆಗೆ ಒಯ್ಯಬಹುದು. ಎಂಎಸ್‌ವಿಎ ಅನ್ನುತ್ತಾರೆ. ಬ್ರೇಕು, ದೀಪ, ಶಬ್ದ, ಚೂಪು ಅಂಚು ಎಲ್ಲ ನೋಡುತ್ತಾರೆ. ಪಾಸಾದರೆ ನೋಂದಣಿ ಮಾಡಿಸಿ ರಸ್ತೆಗೆ ಇಳಿಸಬಹುದು. ನಮ್ಮಲ್ಲಿ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇವೆ, ಗಾಡಿ ಪರೀಕ್ಷಿಸುವ ಒಳ್ಳೆಯ ಸಂಸ್ಥೆಗಳು. ಆದರೆ ಅಲ್ಲಿ ಹೋಗಿ ಪರೀಕ್ಷೆ ಮಾಡಿಸುವುದು ಕಂಪನಿಗಳ ಮಟ್ಟದ ಕೆಲಸ, ಶಿರಸಿಯ ಒಬ್ಬ ಹುಡುಗನಿಗೆ ಆಗುವಂಥದ್ದಲ್ಲ.

ಕೈ ಕೆಲಸಕ್ಕೆ ನಮ್ಮ ಕರಾವಳಿಯಲ್ಲಿ ಏನು ಕಡಿಮೆ? ನಾರಿನ ಬಟ್ಟೆ ಹಾಸಿ, ರಾಳ ಸವರಿ, ಗುಳ್ಳೆ ಉಳಿಯದ ಹಾಗೆ ರೋಲರ್ ಎಳೆದು ಫೈಬರ್ ದೋಣಿ ಮಾಡುವವರು ಇದ್ದಾರೆ. ಕಾರ್ಬನ್ ಗಾಲಿಯ ಮೂಲ ವಿದ್ಯೆಯೂ ನಾರು ಮತ್ತು ರಾಳವೇ. ಬಟ್ಟೆ ಬೇರೆ, ಶಾಖ ಮತ್ತು ಒತ್ತಡ ಬೇರೆ. ಬೋಟಿನ ಎಂಜಿನ್ನಿಗೆ ಉಪ್ಪು ನೀರಿನಲ್ಲಿ ವರ್ಷಗಟ್ಟಲೆ ನಿಲ್ಲುವ ಬೆಸುಗೆ ಹಾಕುವವರು ಇದ್ದಾರೆ. ಐಟಿಐಗಳಲ್ಲಿ ವೆಲ್ಡಿಂಗ್ ಕಲಿತು ಹೊರಬರುವ ಹುಡುಗರು ಗೇಟು, ಕಿಟಕಿ ಸರಳು ಬೆಸೆಯುತ್ತಾರೆ. ಜಿಲ್ಲೆಗೊಂದು ಕಡೆ ಫ್ರೇಮನ್ನು ಅಳತೆಗೆ ಹಿಡಿದಿಡುವ ಜಿಗ್, ಭಾರ ಹಾಕಿ ನೋಡುವ ವ್ಯವಸ್ಥೆ, ತಿಳಿದ ಒಬ್ಬ ಪರೀಕ್ಷಕ, ಇಷ್ಟಿದ್ದು ಪಾಸಾದ ಗಾಡಿಗೆ ಆರ್‌ಸಿ ಸಿಗುವ ದಾರಿ ಇದ್ದರೆ ಈ ಹುಡುಗರಲ್ಲಿ ಕೆಲವರು ಫ್ರೇಮ್ ಕಟ್ಟುವವರಾಗುತ್ತಾರೆ ಅಂತ ನನಗೆ ಅನುಮಾನವೇ ಇಲ್ಲ.

ಅಲ್ಲಿಯವರೆಗೆ ಉಳಿದಿರುವುದು ಟ್ರ್ಯಾಕ್. ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ. ಟ್ರ್ಯಾಕಿನ ಒಳಗೆ ಮಾತ್ರ ಓಡುವ ಗಾಡಿಗೆ ಆರ್‌ಸಿ ಬೇಕಿಲ್ಲ, ಅಲ್ಲಿನ ತಪಾಸಣೆ ದಾಟಿದರೆ ಆಯಿತು. ಹುಡುಗ ಈಗ ರಜೆಯಲ್ಲಿ ಟಿಗ್ ವೆಲ್ಡಿಂಗ್ ಕಲಿಯುತ್ತಿದ್ದಾನೆ. ಇನ್ನೊಂದು ಹಳೇ ಆರ್‌ಎಕ್ಸ್ ಎಂಜಿನ್ ಹುಡುಕಿ ಇಟ್ಟುಕೊಂಡಿದ್ದಾನೆ. ಹೆಡ್ ಪೈಪಿನ ಕೋನ, ಟ್ರೇಲ್, ವೀಲ್‌ಬೇಸ್ ಎಲ್ಲ ಅಳೆದು ಬರೆದುಕೊಂಡಿದ್ದಾನೆ. ಮೊದಲು ಕಟ್ಟಬೇಕಾದದ್ದು ಫ್ರೇಮಲ್ಲ, ಅದನ್ನು ಹಿಡಿದಿಡುವ ಜಿಗ್ ಅಂತ ಅವನೇ ಕಂಡುಕೊಂಡಿದ್ದಾನೆ. ಅದಕ್ಕೆ ಬೇಕಾದ ದಪ್ಪ ಪ್ಲೇಟನ್ನು ಲೇತಿನವರ ಹತ್ತಿರ ಹೇಳಿ ಬಂದಿದ್ದೇವೆ. ಮುಂದಿನ ವಾರ ಸಿಗುತ್ತದಂತೆ.